ಅನಿಶ್ಚಿತ ದಿನಗಳಲ್ಲಿ ಕ್ರೈಸ್ತ ವಿಶ್ವಾಸ: ಕರಾವಳಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಸಮೀಪದ ಒಂದು ಧರ್ಮಕೇಂದ್ರದಲ್ಲಿ ಹಲವು ವರ್ಷಗಳಿಂದ ಭಾನುವಾರದ ಧರ್ಮೋಪದೇಶದ ತರಗತಿ ನಡೆಸುತ್ತಿದ್ದೇನೆ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರವಿರುತ್ತದೆ. ಪೂಜೆ ಮುಗಿದ ಮೇಲೆ ಇಗರ್ಜಿಯ, ಅಂದರೆ ಚರ್ಚಿನ, ಮೆಟ್ಟಿಲ ಮೇಲೆ, ಸಾವಿನ ಮನೆಯ ಅಂಗಳದಲ್ಲಿ, ಬಸ್ಸಿಗೆ ಕಾಯುವಾಗ ದೊಡ್ಡವರು ಕೇಳುವ ಪ್ರಶ್ನೆಗಳಿಗೆ ಹಾಗೆ ಸಿದ್ಧ ಉತ್ತರವಿಲ್ಲ. ಗುಡ್ಡ ಕುಸಿದ ವರ್ಷ, ಸೇತುವೆ ಬಿದ್ದ ವರ್ಷ, ಗಲ್ಫಿನಿಂದ ಮಗ ಕೆಲಸ ಕಳೆದುಕೊಂಡು ಮರಳಿದ ವರ್ಷ ಅವೇ ಪ್ರಶ್ನೆಗಳು ಬೇರೆ ಬೇರೆ ಬಾಯಿಂದ ಬಂದಿವೆ. ನಾನು ಪಾದ್ರಿಯಲ್ಲ, ದೇವಶಾಸ್ತ್ರ ಕಲಿತವನೂ ಅಲ್ಲ. ಆ ಪ್ರಶ್ನೆಗಳಿಗೆ ಇಷ್ಟು ದಿನ ಕೊಡುತ್ತ ಬಂದ ಉತ್ತರಗಳನ್ನು, ತಡವರಿಸಿದ ಕಡೆಯ ತಡವರಿಕೆಯನ್ನೂ ಬಿಡದೆ, ಇಲ್ಲಿ ಬರೆದಿದ್ದೇನೆ.

ಬೈಬಲಿನಲ್ಲಿ ಬರುವ ‘ನಿರೀಕ್ಷೆ’ ಎಂದರೆ ಏನು? ಮುಂದೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವುದೇ?

ಅಲ್ಲ. ಈ ಶಬ್ದದಲ್ಲಿಯೇ ಅರ್ಧ ಗೊಂದಲ ಅಡಗಿದೆ. ದಿನಬಳಕೆಯ ಕನ್ನಡದಲ್ಲಿ ಮಳೆಯ ನಿರೀಕ್ಷೆ, ಪರೀಕ್ಷೆಯ ಫಲಿತಾಂಶದ ನಿರೀಕ್ಷೆ ಎನ್ನುತ್ತೇವೆ. ಅಂದರೆ ಬರಬಹುದೆಂದು ಎಣಿಸಿದ ಒಂದು ಸಂಗತಿ, ಬಂದರೆ ಬಂತು, ಇಲ್ಲದಿದ್ದರೆ ನಿರಾಶೆ. ಕನ್ನಡ ಸತ್ಯವೇದದಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಮೂರನ್ನು ಒಟ್ಟಿಗೆ ಹೇಳುವಾಗ ಆ ಶಬ್ದಕ್ಕೆ ಇನ್ನೊಂದು ತೂಕವಿದೆ. ಅದರ ಮೂಲದಲ್ಲಿ ಇರುವುದು ನೋಡುವುದು ಎಂಬ ಅರ್ಥ. ಸಂಜೆ ಗಾಳಿ ಏಳುವ ಹೊತ್ತಿಗೆ ದೋಣಿಗೆ ಹೋದ ಗಂಡನಿಗಾಗಿ ದಡದಲ್ಲಿ ನಿಂತು ಸಮುದ್ರವನ್ನು ನೋಡುವ ಹೆಂಗಸು ಮಾಡುತ್ತಿರುವುದು ಲೆಕ್ಕಾಚಾರವಲ್ಲ. ಅವಳು ಒಬ್ಬ ವ್ಯಕ್ತಿಯ ದಾರಿ ನೋಡುತ್ತಿದ್ದಾಳೆ. ಕ್ರೈಸ್ತ ನಿರೀಕ್ಷೆಯೂ ಹಾಗೆಯೇ ಒಬ್ಬ ವ್ಯಕ್ತಿಯ ಕಡೆಗೆ, ಸತ್ತು ಎದ್ದನೆಂದು ನಾವು ನಂಬುವ ಯೇಸುಸ್ವಾಮಿಯ ಕಡೆಗೆ ನೆಟ್ಟ ನೋಟ. ಸಾಲ ತೀರುವುದು, ವೀಸಾ ಬರುವುದು, ಕಾಯಿಲೆ ವಾಸಿಯಾಗುವುದು ಇವೆಲ್ಲ ನಮ್ಮ ಬೇಡಿಕೆಗಳು. ಬೇಡಿಕೊಳ್ಳಬಾರದೆಂದಲ್ಲ, ಆದರೆ ನಿರೀಕ್ಷೆ ಅವುಗಳ ಮೇಲೆ ನಿಂತಿಲ್ಲ.

ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಯೇಸುವಿನ ಸುವಾರ್ತೆ ಸಾರುತ್ತ ತಿರುಗಿದ ಪೌಲ ಇದನ್ನು ತಿರುವುಮುರುವಾಗಿ ಹೇಳುತ್ತಾನೆ: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತೆ, ಪಕ್ವತೆಯಿಂದ ನಿರೀಕ್ಷೆ. ನಾವು ನಿರೀಕ್ಷೆಯನ್ನು ಕಷ್ಟಕ್ಕೆ ಮೊದಲೇ ಕಟ್ಟಿಟ್ಟುಕೊಳ್ಳುವ ಬುತ್ತಿಯೆಂದು ತಿಳಿದಿರುತ್ತೇವೆ. ಅವನ ಪ್ರಕಾರ ಅದು ಕಷ್ಟದ ಆಚೆ ಬದಿಯಲ್ಲಿ ಸಿಗುವಂಥದ್ದು.

ನಿರೀಕ್ಷೆಯನ್ನು ಲಂಗರಿಗೆ ಏಕೆ ಹೋಲಿಸುತ್ತಾರೆ?

ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ, 19ನೇ ವಚನ ಈ ಹೋಲಿಕೆಯ ಮೂಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಮೊದಲ ಶತಮಾನಗಳ ಕ್ರೈಸ್ತರು ತಮ್ಮವರ ಗೋರಿಗಳ ಮೇಲೆ ಲಂಗರನ್ನು ಕೆತ್ತಿದ್ದು ಇದೇ ಅರ್ಥದಲ್ಲಿ. ಕಥೋಲಿಕ ಧರ್ಮಸಭೆ ಆಚರಿಸಿದ 2025ರ ಜುಬಿಲಿ ವರ್ಷದ ಚಿಹ್ನೆಯಲ್ಲಿಯೂ ಶಿಲುಬೆಯ ಕೆಳತುದಿ ಬಾಗಿ ಲಂಗರಾಗಿತ್ತು.

ಆದರೆ ಈ ಹೋಲಿಕೆ ನನಗೆ ಹಿಡಿತಕ್ಕೆ ಸಿಕ್ಕಿದ್ದು ಪುಸ್ತಕದಿಂದಲ್ಲ, ಕಾರವಾರದ ಬೈತಖೋಲ್ ಬಂದರಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ, ಮೀನುಗಾರರು ಬಲೆ ಹೆಣೆಯುತ್ತ ಕುಳಿತಿರುತ್ತಾರೆ. ಅವರಲ್ಲಿ ಒಬ್ಬ ಹಿರಿಯರು, ಕ್ರೈಸ್ತರಲ್ಲ, ಲಂಗರು ಹಾಕುವುದರ ಬಗ್ಗೆ ನನಗೆ ಹೇಳಿದರು: ‘ಹಗ್ಗ ಗಿಡ್ಡ ಬಿಟ್ಟರೆ ಲಂಗರು ಕಿತ್ತು ಬರ್ತದೆ ಮಾಸ್ತರ್ರೇ. ನೀರು ಎಷ್ಟು ಮಾರು ಇದೆಯೋ ಅದರ ಎಷ್ಟೋ ಪಾಲು ಹಗ್ಗ ಬಿಡಬೇಕು.’ ಹಗ್ಗ ಗಿಡ್ಡವಾದರೆ ಬೋಟು ಎದ್ದಾಗಲೆಲ್ಲ ಲಂಗರನ್ನು ನೆಟ್ಟಗೆ ಮೇಲಕ್ಕೆ ಎಳೆಯುತ್ತದೆ. ಉದ್ದ ಬಿಟ್ಟರೆ ಎಳೆತ ತಳಕ್ಕೆ ಅಡ್ಡಲಾಗಿ ಬಿದ್ದು ಲಂಗರು ಕೆಸರಿನಲ್ಲಿ ಇನ್ನಷ್ಟು ಹೂತುಕೊಳ್ಳುತ್ತದೆ, ಅಂದರೆ ಗಾಳಿ ಜಗ್ಗಿದಷ್ಟೂ ಹಿಡಿತ ಬಲವಾಗುತ್ತದೆ. ಲಂಗರು ಹಾಕಿದ ಬೋಟು ಅಲುಗಾಡುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರು ನಕ್ಕುಬಿಟ್ಟರು. ಅಲುಗಾಡುತ್ತದೆ, ಒಳಗಿದ್ದವರಿಗೆ ವಾಂತಿಯೂ ಬರುತ್ತದೆ, ಆದರೆ ಬಂಡೆಗೆ ಹೋಗಿ ಬಡಿಯುವುದಿಲ್ಲ.

ಪ್ರಾರ್ಥಿಸಿಯೂ ಮನಸ್ಸು ಹೊಯ್ದಾಡುತ್ತಿದೆ ಎಂದು ಹೇಳಿಕೊಂಡು ಬಂದವರಿಗೆ ಅಂದಿನಿಂದ ನಾನು ಮೊದಲು ಹೇಳುವುದು ಈ ಮಾತನ್ನೇ.

ದೇವರನ್ನು ನಂಬಿದವರಿಗೆ ಅನಾಹುತ ತಟ್ಟುವುದಿಲ್ಲ ಎಂದು 91ನೇ ಕೀರ್ತನೆಯಲ್ಲಿ ಇದೆಯಲ್ಲವೇ?

ಆ ಕೀರ್ತನೆಯನ್ನು ಚೀಟಿಯಲ್ಲಿ ಬರೆದು ವಾಹನದ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡವರನ್ನು ಬಲ್ಲೆ. ಅವರ ಭಕ್ತಿಯನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ಆದರೆ ಅದೇ ಕೀರ್ತನೆಯನ್ನು ಸುವಾರ್ತೆಯಲ್ಲಿ ಉದ್ಧರಿಸುವವನು ಯಾರೆಂದು ಗಮನಿಸಬೇಕು. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೂತರು ನಿನ್ನನ್ನು ಕೈಗಳಲ್ಲಿ ಹಿಡಿಯುತ್ತಾರೆಂದು ಬರೆದಿದೆಯಲ್ಲ ಎಂದು ಯೇಸುವಿಗೆ ಹೇಳಿದವನು ಸೈತಾನ. ಯೇಸು ಧುಮುಕಲಿಲ್ಲ. ಕೊನೆಗೆ ಶಿಲುಬೆಯ ಮೇಲಿಂದ ಇಳಿದು ಬರಲೂ ಇಲ್ಲ. ನಮ್ಮ ಗುರುವಿಗೇ ಸಿಗದ ವಿನಾಯಿತಿಯನ್ನು ನಮಗೆ ಯಾರಾದರೂ ಖಾತ್ರಿ ಕೊಡುತ್ತಿದ್ದರೆ ಅವರ ಮಾತನ್ನು ಎರಡು ಸಲ ತೂಗಿ ನೋಡುವುದು ಒಳ್ಳೆಯದು.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಒಂದು ಲಾರಿ ನೀರಿಗೆ ಬಿತ್ತು, ಚಾಲಕರನ್ನು ಜೀವಂತ ಮೇಲೆತ್ತಲಾಯಿತು. ನಾವೆಲ್ಲ ದೇವರ ದಯೆ ಎಂದೆವು. ಆದರೆ ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಚಹಾ ಕುಡಿಯಲು ನಿಂತವರೂ ಮನೆಯೊಳಗಿದ್ದವರೂ ಸತ್ತರು. ಬದುಕಿದವರ ಮೇಲೆ ದಯೆ ಇತ್ತು, ಸತ್ತವರ ಮೇಲೆ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಹಾಗೆ ಹೇಳಬಾರದೆಂದೇ ನನ್ನ ನಂಬಿಕೆ. ಕೃತಜ್ಞತೆ ಸಲ್ಲಿಸಬಹುದು, ಅದರಿಂದ ಒಂದು ನಿಯಮ ಕಟ್ಟಬಾರದು.

ಹಾಗಾದರೆ ಇಂಥ ಅನಾಹುತಗಳು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೇ?

ಈ ಪ್ರಶ್ನೆಯನ್ನು ಯೇಸುವಿಗೇ ಕೇಳಿದ್ದಾರೆ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಸಿಲೋವ ಎಂಬಲ್ಲಿ ಗೋಪುರ ಬಿದ್ದು 18 ಮಂದಿ ಸತ್ತ ಸುದ್ದಿ ಬರುತ್ತದೆ. ಸತ್ತವರು ಯೆರೂಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯುತ್ತೀರೋ ಎಂದು ಯೇಸು ತಿರುಗಿ ಕೇಳಿ, ಇಲ್ಲ ಎಂದು ತಾನೇ ಉತ್ತರಿಸುತ್ತಾನೆ. ಅಲ್ಲಿಗೆ ನಿಲ್ಲಿಸದೆ, ಕೇಳುತ್ತಿರುವವರೇ ಮನಸ್ಸು ತಿರುಗಿಸಿಕೊಳ್ಳಬೇಕೆಂದು ಮಾತನ್ನು ಅವರ ಕಡೆಗೆ ಹೊರಳಿಸುತ್ತಾನೆ. ಹುಟ್ಟುಕುರುಡನನ್ನು ತೋರಿಸಿ, ಇವನು ಕುರುಡನಾದದ್ದು ಯಾರ ಪಾಪದಿಂದ, ಇವನದೋ ತಂದೆತಾಯಿಗಳದೋ ಎಂದು ಶಿಷ್ಯರು ಕೇಳಿದಾಗಲೂ ಇಬ್ಬರದೂ ಅಲ್ಲ ಎಂಬುದೇ ಉತ್ತರ. ಸತ್ತವರ ಮನೆಯ ಹೊಸ್ತಿಲಲ್ಲಿ ನಿಂತು ಪಾಪಪುಣ್ಯದ ಲೆಕ್ಕ ತೆಗೆಯುವ ನೆಂಟರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಯೋಬನ ಗ್ರಂಥದಲ್ಲಿ ಅಂಥ ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕುಳಿತದ್ದು ಅವರು ಮಾಡಿದ ಒಂದೇ ಒಳ್ಳೆಯ ಕೆಲಸ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು, ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದೂ ಅವರ ಮೇಲೆಯೇ.

ಇನ್ನೊಂದು ಮಾತು. ಶಿಕ್ಷೆ ಎಂಬ ವಿವರಣೆಯಿಂದ ಮನುಷ್ಯರ ಹೊಣೆ ಮರೆಯಾಗುತ್ತದೆ. ಗುಡ್ಡವನ್ನು ಹೇಗೆ ಕಡಿಯಲಾಯಿತು, ಸೇತುವೆಯನ್ನು ಯಾರು ಪರಿಶೀಲಿಸಬೇಕಾಗಿತ್ತು ಎಂದು ಕೇಳುವುದು ವಿಶ್ವಾಸಕ್ಕೆ ವಿರುದ್ಧವಲ್ಲ. ಪ್ರವಾದಿಗಳು ತಮ್ಮ ಕಾಲದಲ್ಲಿ ಕೇಳುತ್ತಿದ್ದದ್ದೂ ಹೆಚ್ಚುಕಡಿಮೆ ಇಂಥ ಪ್ರಶ್ನೆಗಳನ್ನೇ.

ಎಷ್ಟು ಪ್ರಾರ್ಥಿಸಿದರೂ ಭಯ ಹೋಗುವುದಿಲ್ಲ. ನನ್ನ ವಿಶ್ವಾಸ ಕಡಿಮೆಯೇ?

ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ, ತಾನು ನಂಬುತ್ತೇನೆಂದೂ ತನ್ನ ಅಪನಂಬಿಕೆಗೆ ಸಹಾಯ ಮಾಡೆಂದೂ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಯೇಸು ಅವನನ್ನು ವಾಪಸು ಕಳುಹಿಸಲಿಲ್ಲ, ಮೊದಲು ವಿಶ್ವಾಸ ಗಟ್ಟಿಮಾಡಿಕೊಂಡು ಬಾ ಎನ್ನಲಿಲ್ಲ. ಮಗ ವಾಸಿಯಾದ. ಗೆತ್ಸೆಮನೆಯ ತೋಟದಲ್ಲಿ ಸ್ವತಃ ಯೇಸುವೇ ಕಳವಳಗೊಂಡು, ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡ. ಭಯಪಡುವುದು ವಿಶ್ವಾಸದ ಕೊರತೆಯೆಂದಾದರೆ ಆ ರಾತ್ರಿಯನ್ನು ಏನೆನ್ನಬೇಕು?

ಕೀರ್ತನೆಗಳ ಪುಸ್ತಕದಲ್ಲಿ ಭಯವನ್ನೂ ದೂರನ್ನೂ ಪ್ರಾರ್ಥನೆಯೆಂದೇ ಎಣಿಸಲಾಗಿದೆ. 13ನೆಯದು ಇನ್ನೆಷ್ಟು ಕಾಲ ಎಂದು ಮತ್ತೆ ಮತ್ತೆ ಕೇಳುತ್ತದೆ. 88ನೆಯದು ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅಂಥದ್ದನ್ನು ತೆಗೆದುಹಾಕದೆ ಸಾವಿರಾರು ವರ್ಷ ದೇವಾಲಯದಲ್ಲಿ ಹಾಡಿಕೊಂಡು ಬಂದ ಜನರಿಗೆ ನನ್ನ ಭಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ವಿಪತ್ತಿನ ಮಧ್ಯೆ ವಿಶ್ವಾಸ ಕಾರ್ಯರೂಪದಲ್ಲಿ ಹೇಗೆ ಕಾಣುತ್ತದೆ? ಪ್ರಾರ್ಥಿಸುತ್ತ ಕುಳಿತಿರುವುದೇ?

ಕರಾವಳಿಯವರಿಗೆ ಇದಕ್ಕೆ ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಕಥೋಲಿಕರ ಬೈಬಲಿನಲ್ಲಿ ಆ ಗ್ರಂಥಕ್ಕೆ ಪ್ರೇಷಿತರ ಕಾರ್ಯಕಲಾಪಗಳು ಎಂದು ಹೆಸರು. ಸಮುದ್ರ ಬಲ್ಲವರು ಅದನ್ನು ಓದಿದರೆ ಬರೆದವನು ಹಡಗು ಕಂಡವನೆಂದು ಕೂಡಲೇ ಒಪ್ಪುತ್ತಾರೆ.

ಪೌಲನನ್ನು ಕೈದಿಯಾಗಿ ರೋಮಿಗೆ ಒಯ್ಯುತ್ತಿದ್ದಾರೆ. ಪ್ರಯಾಣಕ್ಕೆ ಯೋಗ್ಯವಾದ ಕಾಲ ಮುಗಿದಿದೆ, ಹೊರಡುವುದು ಬೇಡ ಎಂದು ಅವನು ಎಚ್ಚರಿಸಿದರೂ ಶತಾಧಿಪತಿ ಹಡಗಿನ ಯಜಮಾನನ ಮಾತನ್ನೇ ಕೇಳುತ್ತಾನೆ. ಈಶಾನ್ಯದಿಂದ ಬಿರುಗಾಳಿ ಎರಗುತ್ತದೆ. ಹಡಗು ಒಡೆಯದಂತೆ ಹೊಟ್ಟೆಗೆ ಹಗ್ಗ ಸುತ್ತಿ ಬಿಗಿಯುತ್ತಾರೆ, ಸರಕನ್ನೂ ಸಲಕರಣೆಗಳನ್ನೂ ಸಮುದ್ರಕ್ಕೆ ಎಸೆಯುತ್ತಾರೆ. ಅನೇಕ ದಿನ ಸೂರ್ಯನೂ ಕಾಣುವುದಿಲ್ಲ, ನಕ್ಷತ್ರಗಳೂ ಕಾಣುವುದಿಲ್ಲ, ಬದುಕುವ ಆಸೆಯನ್ನೇ ಬಿಡುತ್ತಾರೆ. ಆಗ ಪೌಲ ಎದ್ದು ಹೇಳುವ ಮಾತಿನಲ್ಲಿ ಎರಡು ಭಾಗಗಳಿವೆ, ನಾವು ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ನಿಮ್ಮಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ದೇವದೂತ ತನಗೆ ತಿಳಿಸಿದ್ದಾನೆ ಎನ್ನುತ್ತಾನೆ. ಹಡಗು ಮಾತ್ರ ಹೋಗುತ್ತದೆ ಎಂಬುದನ್ನೂ ಸೇರಿಸುತ್ತಾನೆ.

ಹದಿನಾಲ್ಕನೆಯ ರಾತ್ರಿ ಭೂಮಿ ಹತ್ತಿರವಾದಂತೆ ಅನಿಸಿ ನಾವಿಕರು ಆಳ ಅಳೆಯುತ್ತಾರೆ: ಮೊದಲು 20 ಮಾರು, ಸ್ವಲ್ಪ ಮುಂದೆ 15 ಮಾರು. ಬಂಡೆಗೆ ಬಡಿದೇವೆಂದು ಹೆದರಿ ಹಿಂಬದಿಯಿಂದ ನಾಲ್ಕು ಲಂಗರು ಇಳಿಬಿಟ್ಟು, ಬೆಳಗಾಗಲಿ ಎಂದು ಬೇಡಿಕೊಳ್ಳುತ್ತಾರೆ. ಲಂಗರು ಹಾಕುವ ನೆವದಲ್ಲಿ ಕೆಲವು ನಾವಿಕರು ಚಿಕ್ಕ ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ದೇವರೇ ಕಾಪಾಡುತ್ತಾನೆಂದು ಮಾತು ಕೊಟ್ಟಿರುವ ಪೌಲ ಆಗ ಸುಮ್ಮನಿರಬಹುದಾಗಿತ್ತು. ಆದರೆ ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಶತಾಧಿಪತಿಗೆ ನೇರವಾಗಿ ಹೇಳುತ್ತಾನೆ. ದೇವರ ಮಾತನ್ನು ನಂಬಿದವನಿಗೂ ಹಡಗು ನಡೆಸಬಲ್ಲ ಕೈಗಳು ಬೇಕು. ಬೆಳಕು ಹರಿಯುವ ಮೊದಲು ಅವನು ಎಲ್ಲರಿಗೂ ಊಟಮಾಡಿ ಎನ್ನುತ್ತಾನೆ, ರೊಟ್ಟಿ ತೆಗೆದುಕೊಂಡು ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ತಿನ್ನುತ್ತಾನೆ. ಹಡಗಿನಲ್ಲಿದ್ದವರು 276 ಮಂದಿ ಎಂಬ ಲೆಕ್ಕವೂ ಅಲ್ಲಿಯೇ ಬರುತ್ತದೆ. ಎಲ್ಲರೂ ತಿಂದ ಮೇಲೆ ಉಳಿದ ಗೋದಿಯನ್ನು ಸಮುದ್ರಕ್ಕೆ ಸುರಿಯುತ್ತಾರೆ. ಕೊನೆಗೆ ಹಡಗು ಮರಳದಿಬ್ಬಕ್ಕೆ ಸಿಕ್ಕಿ ಒಡೆಯುತ್ತದೆ. ಈಜು ಬಲ್ಲವರು ಈಜಿ, ಉಳಿದವರು ಹಲಗೆ ಹಿಡಿದು ದಡ ಸೇರುತ್ತಾರೆ. ಅದು ಮಾಲ್ಟಾ ದ್ವೀಪ. ಮಳೆ ಮತ್ತು ಚಳಿಯಲ್ಲಿ ನಡುಗುವವರಿಗೆ ಬೆಂಕಿ ಹಚ್ಚಿಕೊಟ್ಟವರು ಪೌಲನ ದೇವರ ಹೆಸರನ್ನೇ ಕೇಳಿರದ ಅಲ್ಲಿನ ಜನ.

ಒಡೆದ ಹಡಗಿನ ಹಲಗೆ ಹಿಡಿದು ಬಂದ ಕೆಲವರು ನಮ್ಮ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಬೋಟು ಮಾರಿದವರು, ಅಂಗಡಿ ಮುಚ್ಚಿದವರು. ಅವರಿಗೆ ಈ ಅಧ್ಯಾಯವನ್ನು ವಿವರಿಸುವ ಅಗತ್ಯ ಬಿದ್ದಿಲ್ಲ.

ಕ್ಯಾಲೆಂಡರಿನಲ್ಲಿ ಬರೆದಿರುವ ಯೆರೆಮೀಯ 29:11 ನನಗೂ ಅನ್ವಯಿಸುತ್ತದೆಯೇ?

ನಿಮಗೆ ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವ ಯೋಚನೆ ನನ್ನದು ಎಂಬ ಅರ್ಥದ ಆ ವಚನ ನಮ್ಮ ಅರ್ಧ ಮನೆಗಳ ಗೋಡೆಯ ಮೇಲಿದೆ. ಅದು ಒಂದು ಪತ್ರದ ನಡುವಿನ ಸಾಲು ಎಂಬುದನ್ನು ಮಾತ್ರ ಮರೆಯಬಾರದು. ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಯೊಯ್ಯಲ್ಪಟ್ಟ ಜನರಿಗೆ ಪ್ರವಾದಿ ಬರೆದ ಪತ್ರ ಅದು. ಎರಡೇ ವರ್ಷದಲ್ಲಿ ಎಲ್ಲರೂ ಊರಿಗೆ ಮರಳುತ್ತಾರೆಂದು ಹನನ್ಯನೆಂಬವನು ಸಾರಿ ಚಪ್ಪಾಳೆ ಗಿಟ್ಟಿಸಿದ್ದ. ಯೆರೆಮೀಯನ ಪತ್ರ ಹೇಳಿದ್ದು 70 ವರ್ಷ ಎಂದು. ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದೂ ಹೇಳಿತು. ಪತ್ರ ಕೇಳಿಸಿಕೊಂಡ ಎಷ್ಟೋ ಜನ ಊರು ನೋಡದೆಯೇ ಸತ್ತಿರಬೇಕು.

ಸೀಬರ್ಡ್ ನೌಕಾನೆಲೆಗಾಗಿ ಅರ್ಗಾ ಸುತ್ತಲಿನ ಊರುಗಳನ್ನು ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಬಂದವರ ಜೊತೆ ಈ ಪತ್ರವನ್ನು ಓದಿದ್ದೇನೆ. 1986ರಲ್ಲಿ ಯೋಜನೆಗೆ ಶಂಕುಸ್ಥಾಪನೆಯಾಯಿತು, 2005ರಲ್ಲಿ ಆ ನೆಲೆ ಐಎನ್ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು, ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು. 11ನೇ ವಚನ ಓದುವಾಗ ಸುಮ್ಮನಿದ್ದ ಒಬ್ಬ ಅಜ್ಜಿ, ತೋಟ ಮಾಡಿರಿ ಎಂಬ 5ನೇ ವಚನಕ್ಕೆ ಬಂದಾಗ ಕಿಟಕಿಯಾಚೆ ಕೈ ತೋರಿಸಿದರು. ಕಾಲೊನಿಯ ಅಳತೆ ಮಾಡಿಕೊಟ್ಟ ಜಾಗದಲ್ಲಿ ಅವರು ನೆಟ್ಟ ತೆಂಗು ಆಗಲೇ ಮಾಡಿನ ಎತ್ತರ ದಾಟಿತ್ತು. ವಚನ ನಿಮಗೂ ಅನ್ವಯಿಸುತ್ತದೆ, ಆದರೆ ಅದರ ಹಿಂದುಮುಂದಿನ ಸಾಲುಗಳೊಂದಿಗೆ.

ಉಳಿತಾಯ ಮಾಡುವುದು, ವಿಮೆ ಮಾಡಿಸುವುದು ಅವಿಶ್ವಾಸವೇ? ನಾಳೆಯ ಚಿಂತೆ ಬೇಡ ಎಂದು ಯೇಸು ಹೇಳಿದ್ದಾನಲ್ಲ.

ಅವಿಶ್ವಾಸವಲ್ಲ. ಮತ್ತಾಯನ 6ನೇ ಅಧ್ಯಾಯದ ಮಾತು ಚಿಂತೆಯ ಬಗ್ಗೆ. ದುಡಿಮೆಯನ್ನೂ ಮುನ್ನೆಚ್ಚರಿಕೆಯನ್ನೂ ಅದು ಬೇಡವೆನ್ನುವುದಿಲ್ಲ. ಶಿರಸಿಯ ಕಡೆಯ ತೋಟಿಗರು ಕೊಳೆರೋಗ ಬರದಿರಲೆಂದು ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಾರೆ, ಆ ಮೇಲೂ ಮಳೆ ಜಾಸ್ತಿಯಾದರೆ ಕಾಯಿ ಉದುರುತ್ತದೆ. ಮದ್ದು ಹೊಡೆಯುವುದು ನಮ್ಮ ಕೆಲಸ. ಹೊಡೆದ ಮೇಲೂ ಉದುರಿದ ವರ್ಷ ಏನನ್ನು ಹಿಡಿದುಕೊಂಡು ನಿಲ್ಲುತ್ತೀರಿ ಎಂಬುದು ವಿಶ್ವಾಸದ ಪ್ರಶ್ನೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುವೆನು ಎಂಬ ಭಾವದ ಮಾತು ಹಬಕ್ಕೂಕನ ಗ್ರಂಥದ ಕೊನೆಯಲ್ಲಿದೆ. ನನಗೆ ಅಷ್ಟು ಗಟ್ಟಿತನ ಬಂದಿಲ್ಲ. ಬಂದವರನ್ನು ಒಬ್ಬಿಬ್ಬರನ್ನು ಕಂಡಿದ್ದೇನೆ.

ವಿಶೇಷ ಪ್ರಾರ್ಥನೆಗೆ ಇಷ್ಟು ಹಣ ಕೊಟ್ಟರೆ ಸಂಕಷ್ಟ ನಿವಾರಣೆಯಾಗುತ್ತದೆ ಎನ್ನುತ್ತಾರೆ. ಕೊಡಬಹುದೇ?

ಕೊಡಬೇಡಿ. ನಮ್ಮ ಚಿಕ್ಕಮ್ಮ ಕಾಯಿಲೆಯಲ್ಲಿದ್ದಾಗ ಹೊರಗಿನಿಂದ ಬಂದ ಒಬ್ಬ ಬೋಧಕರು ಮೂರು ಸಲ ಹಣ ತೆಗೆದುಕೊಂಡರು. ನಾಲ್ಕನೆಯ ಸಲ ಆಕೆ ತನ್ನ ಬಳೆಯನ್ನು ಬಿಚ್ಚಿ ಕೊಡಲು ಹೊರಟಾಗ ನಮಗೆ ಗೊತ್ತಾಯಿತು. ವಾಸಿಯಾಗದಿದ್ದದ್ದಕ್ಕೆ ಅವರು ಕೊಟ್ಟ ಕಾರಣ ಚಿಕ್ಕಮ್ಮನ ವಿಶ್ವಾಸ ಸಾಲದೆಂಬುದು. ಹಣಕ್ಕಿಂತ ಆ ಮಾತು ಆಕೆಯನ್ನು ಹೆಚ್ಚು ಕುಗ್ಗಿಸಿತು. ದೇವರ ವರವನ್ನು ಹಣಕ್ಕೆ ಕೊಳ್ಳಬಹುದೆಂದುಕೊಂಡ ಸಿಮೋನನಿಗೆ ಪೇತ್ರ ಕೊಟ್ಟ ಉತ್ತರ ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿದೆ, ಅದು ಮೆತ್ತಗಿಲ್ಲ.

ಸಮುದ್ರದಲ್ಲಿ, ನದಿಯಲ್ಲಿ ಹೋದವರ ದೇಹವೂ ಸಿಗದಿದ್ದಾಗ ಯಾವ ನಿರೀಕ್ಷೆ ಹೇಳುತ್ತೀರಿ?

ಮೊದಲ ದಿನಗಳಲ್ಲಿ ಯಾವುದನ್ನೂ ಹೇಳುವುದಿಲ್ಲ. ಗೆಳೆಯ ಲಾಜರನ ಸಮಾಧಿಯ ಎದುರು ಯೇಸು ಅತ್ತನೆಂದು ಯೋಹಾನನ ಸುವಾರ್ತೆ ಬರೆದಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸಲಿದ್ದವನೂ ಮೊದಲು ಅತ್ತ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಥೆಸಲೊನೀಕದವರಿಗೆ ಪೌಲ ಬರೆದ ಮಾತನ್ನು ದುಃಖಿಸಲೇಬೇಡಿ ಎಂದು ಓದುವವರಿದ್ದಾರೆ. ದುಃಖಕ್ಕೆ ಅಡ್ಡಿಯಿಲ್ಲ, ಅದು ಬೇರೆ ಬಗೆಯ ದುಃಖವಾಗಿರಲಿ ಎಂಬುದು ಅದರ ಅರ್ಥ.

ನಮ್ಮಲ್ಲಿ ಸತ್ತವರಿಗೆ ಒಂದು ಹಿಡಿ ಮಣ್ಣು ಹಾಕುವುದು ಬದುಕಿದವರಿಗೆ ದೊಡ್ಡ ಸಮಾಧಾನ. ದೇಹ ಸಿಗದ ಮನೆಯವರಿಗೆ ಆ ಒಂದು ಹಿಡಿಯೂ ಇಲ್ಲ, ಮೊಬೈಲು ಸದ್ದಾದಾಗಲೆಲ್ಲ ಎದೆ ಹಾರುವುದು ವರ್ಷಗಟ್ಟಲೆ ನಿಲ್ಲುವುದಿಲ್ಲ. ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ, ಎಲ್ಲರೂ ತಮ್ಮ ತಮ್ಮವರ ಗೋರಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವಾಗ ಇಂಥವರು ಸ್ಮಶಾನದ ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚುತ್ತಾರೆ. ಒಂದು ವರ್ಷ ಗಾಳಿ ಜೋರಾಗಿತ್ತು. ಅಲ್ಲಿ ಒಬ್ಬ ತಾಯಿ ಹಚ್ಚಿದ ಬತ್ತಿ ಮತ್ತೆ ಮತ್ತೆ ಆರುತ್ತಿತ್ತು. ಪಕ್ಕದ ಗೋರಿಯವರು ತೆಂಗಿನ ಕರಟವೊಂದನ್ನು ತಂದು ಅಡ್ಡ ಇಟ್ಟುಕೊಟ್ಟರು, ಯಾರೂ ಏನೂ ಮಾತಾಡಲಿಲ್ಲ. ಸಮುದ್ರವೂ ತನ್ನೊಳಗಿದ್ದ ಸತ್ತವರನ್ನು ಒಪ್ಪಿಸುವುದೆಂದು ಪ್ರಕಟನೆಯ 20ನೇ ಅಧ್ಯಾಯದಲ್ಲಿ ಒಂದು ವಾಕ್ಯವಿದೆ. ಅದನ್ನು ನಾನು ಯಾರಿಗೂ ಮುಂದಾಗಿ ತೋರಿಸಿಲ್ಲ. ಆ ತಾಯಿ ತಾನೇ ಹುಡುಕಿಕೊಂಡು, ಗೆರೆ ಎಳೆದು, ನನಗೆ ತೋರಿಸಿದರು.

ನಿದ್ರೆಯೇ ಬರುವುದಿಲ್ಲ, ಬದುಕು ಸಾಕೆನಿಸುತ್ತದೆ. ವೈದ್ಯರ ಬಳಿ ಹೋದರೆ ದೇವರ ಮೇಲೆ ಭರವಸೆ ಇಲ್ಲವೆಂದಾಗುವುದೇ?

ಇಲ್ಲ. ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುವಂತೆಯೇ ಇದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಹಣವಿಲ್ಲದೆ ಮಾತಾಡಬಹುದು. ಎಲೀಯ ಪ್ರವಾದಿ ಗಿಡದ ಕೆಳಗೆ ಕುಳಿತು ತನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿದಾಗ ಬಂದ ದೂತ ಅವನಿಗೆ ಬೋಧನೆ ಮಾಡಲಿಲ್ಲ; ರೊಟ್ಟಿ, ನೀರು ಕೊಟ್ಟು, ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣಿಸಿದ. ಇಂದೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ.

ಈ ಕರಾವಳಿಯ ಹಿರಿಯರು ಇದಕ್ಕಿಂತ ಕೆಟ್ಟ ಕಾಲವನ್ನು ಕಂಡಿದ್ದಾರೆಯೇ?

ಕಂಡಿದ್ದಾರೆ. ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಗುರು 1681ರಿಂದ ಮೂರು ವರ್ಷ ಕೆನರಾದಲ್ಲಿದ್ದರು. ಚರ್ಚಿನ ಅಧಿಕಾರ ಯಾರದೆಂಬ ಒಳಜಗಳದಲ್ಲಿ ಇಲ್ಲಿಯ ಕ್ರೈಸ್ತರು ಆಗ ಇಬ್ಭಾಗವಾಗಿದ್ದರು. ವಾಜ್ ಕಾಲ್ನಡಿಗೆಯಲ್ಲಿ ಊರೂರು ಸುತ್ತಿದರು. ಮುಂದೆ 1687ರಲ್ಲಿ, ಡಚ್ಚರು ಕಥೋಲಿಕ ಧರ್ಮವನ್ನು ನಿಷೇಧಿಸಿದ್ದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ ಹೋಗಿ, ಅಲ್ಲಿಯೇ 1711ರಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಕೊಲಂಬೋದಲ್ಲಿ ಸಂತರೆಂದು ಘೋಷಿಸಿದರು. 1784ರಲ್ಲಿ, ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ, ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು, ಉಳಿದವರು ಮರಳಿದ್ದು 1799ರ ನಂತರ. ಇದನ್ನು ನೆನೆಯುವುದು ಯಾರ ಮೇಲೂ ಹಗೆ ಸಾಧಿಸಲಿಕ್ಕಲ್ಲ. ಆ ಹದಿನೈದು ವರ್ಷ ಇಗರ್ಜಿಯಿಲ್ಲದೆ ಇದ್ದವರು ಬಾಯಿಪಾಠದ ಪ್ರಾರ್ಥನೆಗಳನ್ನು ನೆಚ್ಚಿಕೊಂಡಿರಬೇಕು. ನಮ್ಮ ಮನೆಗಳಲ್ಲಿ ಸಂಜೆ ಕೊಂಕಣಿಯಲ್ಲಿ ಹೇಳುವ ತೇರ್ಸಿಗೆ, ಅಂದರೆ ಜಪಮಾಲೆಯ ಪ್ರಾರ್ಥನೆಗೆ, ಕುಳಿತುಕೊಳ್ಳಲು ಮಕ್ಕಳು ಮುಖ ಸಿಂಡರಿಸಿದಾಗ ಇದು ನೆನಪಾಗುತ್ತದೆ. 1976ರಲ್ಲಿ ಕಾರವಾರ ಪ್ರತ್ಯೇಕ ಧರ್ಮಪ್ರಾಂತ್ಯವಾಗುವ ಹೊತ್ತಿಗೆ ಇಲ್ಲಿಯ ಸಮುದಾಯ ಇಂಥ ಎಷ್ಟನ್ನೋ ದಾಟಿ ಬಂದಿತ್ತು.

ಇವೆಲ್ಲ ಲೋಕಾಂತ್ಯದ ಸೂಚನೆಗಳೇ?

ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂದು ಮತ್ತಾಯ 24:36 ಹೇಳುತ್ತದೆ. ದಿನಾಂಕ ಸಮೇತ ಬರುವ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಿಬಿಡಿ.

ನಾನು ಕ್ರೈಸ್ತನಲ್ಲ. ಪ್ರಾರ್ಥನೆಗೆ ಬರಬಹುದೇ?

ಖಂಡಿತ ಬರಬಹುದು. ಡಿಸೆಂಬರ್ 3ರಂದು ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಬರುವವರಲ್ಲಿ ಬೇರೆ ಧರ್ಮದವರು ಎಷ್ಟೋ ಮಂದಿ. ಹರಕೆ ಹೊತ್ತವರನ್ನು ಯಾರೂ ನೀವು ಯಾರೆಂದು ಕೇಳುವುದಿಲ್ಲ. ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕುಳಿತು ಹೋದರೂ ಸರಿ. ಮತ ಬದಲಿಸಿಕೊಳ್ಳಿ ಎಂದು ನಿಮ್ಮ ಕಷ್ಟದ ಹೊತ್ತಿನಲ್ಲಿ ಯಾರಾದರೂ ಒತ್ತಾಯಿಸಿದರೆ ಎದ್ದು ಬನ್ನಿ, ಅದು ಪ್ರೀತಿಯ ಲಕ್ಷಣವಲ್ಲ. ಪ್ರಸಾದವೆಂದು ತಿಳಿದು ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ, ಸಾಲಿನಲ್ಲಿ ನಿಲ್ಲುವುದೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಭಾಗವಹಿಸಬಹುದು.

ಬೈಬಲನ್ನು ಎಂದೂ ಸರಿಯಾಗಿ ಓದಿಲ್ಲ. ಈಗ ಎಲ್ಲಿಂದ ಆರಂಭಿಸಲಿ?

ಮೊದಲ ಪುಟದಿಂದ ಬೇಡ. ಹಾಗೆ ಆರಂಭಿಸಿದವರು ವಿಧಿನಿಯಮಗಳೇ ತುಂಬಿದ ಯಾಜಕಕಾಂಡದಲ್ಲಿ ಸಿಕ್ಕಿಬೀಳುತ್ತಾರೆ. ಪೂರ್ತಿ ಬೈಬಲ್ ಕನ್ನಡದಲ್ಲಿ ಬಳ್ಳಾರಿಯಿಂದ ಅಚ್ಚಾಗಿ ಬಂದದ್ದು 1831ರಲ್ಲಿ. ಅಂದಿನಿಂದ ಹಲವು ಅನುವಾದಗಳಾಗಿವೆ, ಹಳೆಯದರ ಭಾಷೆ ಬಿಗಿಯೆನಿಸಿದರೆ ಹೊಸದನ್ನು ಹಿಡಿಯಿರಿ. ಮಾರ್ಕನ ಸುವಾರ್ತೆ ಎಲ್ಲಕ್ಕಿಂತ ಚಿಕ್ಕದು, ಎರಡು ಸಂಜೆಗಳಲ್ಲಿ ಮುಗಿಯುತ್ತದೆ. 4ನೇ ಅಧ್ಯಾಯದ ಕೊನೆಯಲ್ಲಿ ಬಿರುಗಾಳಿಗೆ ಸಿಕ್ಕ ದೋಣಿ ಬರುತ್ತದೆ, ಹಿಂಬದಿಯಲ್ಲಿ ದಿಂಬಿಗೆ ತಲೆಯಿಟ್ಟು ಯೇಸು ನಿದ್ರಿಸುತ್ತಿರುತ್ತಾನೆ. ಅಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಅಷ್ಟೂ ಆಗದ ರಾತ್ರಿ, ಮಳೆಗೆ ಕರೆಂಟು ಹೋಗಿ ಮಲಗಲೂ ಆಗದಿದ್ದಾಗ, 13ನೇ ಕೀರ್ತನೆಯನ್ನು ಮೊಬೈಲಿನ ಬೆಳಕಿನಲ್ಲಿ ಓದಿ. ಒಟ್ಟು ಆರೇ ವಚನ. ಮೊದಲ ಎರಡು ವಚನಗಳಲ್ಲಿಯೇ ನಿಂತುಬಿಟ್ಟರೂ ಆ ರಾತ್ರಿಗೆ ಅಷ್ಟು ಸಾಕು; ಉಳಿದ ನಾಲ್ಕನ್ನು ಮರುದಿನ ಓದಿದರಾಯಿತು.